ಪದವೀಧರನ ಮೊದಲ ಸಂಬಳ

ಸಂಬಳವೆಂಬ ಮಾತು ನಮಗೆ ಸಂಸ್ಕೃತದಿಂದ ಬಂದುದು. ಅಲ್ಲಿ ಅದಕ್ಕೆ ದಾರಿಯ ಬುತ್ತಿ ಎಂದು ಅರ್ಥ. ಊರಿಂದೂರಿಗೆ ನಡೆದು ಹೋಗುವವನು ಹೆಗಲ ಮೇಲೆ ಹೊತ್ತುಕೊಂಡ ಅವಲಕ್ಕಿಯ ಗಂಟೋ, ರೊಟ್ಟಿಯ ಗಂಟೋ, ಅದು ಸಂಬಳ. ತಿಂಗಳ ಕೊನೆಗೆ ಎಣಿಸಿ ಕೊಡುವ ಹಣಕ್ಕೆ ಕನ್ನಡಿಗರು ಈ ಹೆಸರನ್ನೇ ಇಟ್ಟುಕೊಂಡರು. ಇಟ್ಟವರು ಅನುಭವಸ್ಥರಿರಬೇಕು. ಬುತ್ತಿ ಹಬ್ಬದೂಟವಲ್ಲ, ಮುಂದಿನ ಊರು ಮುಟ್ಟುವ ತನಕ ಹಸಿವನ್ನು ತಡೆದು ನಿಲ್ಲಿಸುವಷ್ಟು ಮಾತ್ರ. ಪಂಡಿತ ಶಿಕ್ಷಣ ಪಡೆದವನಾದ್ದರಿಂದ ಮಾತಿನ ಬೇರು ಕೆದಕುವ ಚಾಳಿ ನನಗೆ ಬಿಟ್ಟಿಲ್ಲ. ಓದುಗರು ಮನ್ನಿಸಬೇಕು.

ಈಚೆಗೆ ಒಂದು ಭಾನುವಾರ ನಮ್ಮ ಬೀದಿಯ ಗೃಹಸ್ಥರೊಬ್ಬರು ತಮ್ಮ ಕಿರಿಯ ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗ ನನ್ನ ಶಾಲೆಯಲ್ಲಿಯೇ ಓದಿದವನು, ಈಗ ಪಿ.ಯು.ಸಿ. ಮುಗಿಸಿದ್ದಾನೆ. ಕುಶಲಪ್ರಶ್ನೆಯಾದ ಮೇಲೆ ತಂದೆ ಕೇಳಿದರು: "ಮೇಷ್ಟ್ರೇ, ಇವನು ಬಿ.ಎ. ಮಾಡಿದರೆ ಕೈಗೆ ಎಷ್ಟು ಬರುತ್ತೆ? ಇಂಜಿನಿಯರಿಂಗ್ ಮಾಡಿದರೆ ಎಷ್ಟು ಬರುತ್ತೆ? ನೀವು ನಾಲ್ಕು ಜನರನ್ನು ಕಂಡವರು, ಸರಿಯಾಗಿ ಹೇಳಬೇಕು." ಹುಡುಗನಿಗೆ ಯಾವ ವಿಷಯದಲ್ಲಿ ರುಚಿ ಎಂಬ ಮಾತು ಎಲ್ಲಿಯೂ ಬರಲಿಲ್ಲ. ಮೊದಲು ನನಗೆ ಸ್ವಲ್ಪ ಬೇಸರವೇ ಆಯಿತು. ರಾತ್ರಿ ಮಲಗಿದ ಮೇಲೆ ಯೋಚಿಸಿ ನೋಡಿದಾಗ, ಆ ಪ್ರಶ್ನೆ ಅವರೊಬ್ಬರದೇ ಅಲ್ಲ, ಅದು 180 ವರ್ಷಗಳಷ್ಟು ಹಳೆಯದು ಎಂದು ಹೊಳೆಯಿತು. ಅದನ್ನು ಹುಟ್ಟಿಸಿದವರು ಇಂಥ ತಂದೆಯರಲ್ಲ, ಸರ್ಕಾರದವರು. ಆ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ವಿದ್ಯಾವಂತನಿಗೆ ಇಷ್ಟು ಕೊಡಬೇಕೆಂದು ಲೆಕ್ಕ ಬರೆದಿಟ್ಟ ನಮ್ಮ ಹಳೆಯ ಗ್ರಂಥವೊಂದು ಮೈಸೂರಿನಲ್ಲಿಯೇ ದೊರೆಯಿತು. 1905ರಲ್ಲಿ ಅಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು ಗುರುತಿಸಿದರು; 1909ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ರಾಜಸೇವಕರ ವೇತನದ ಪಟ್ಟಿಯೇ ಇದೆ. ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜ ಮೊದಲಾದವರಿಗೆ 48,000 ಪಣ. ಕೊಟ್ಟಕೊನೆಯ ಪರಿಚಾರಕನಿಗೆ 60 ಪಣ. ಕುಶಲಕರ್ಮಿಗಳಿಗೆ 120, ಲೆಕ್ಕ ಬರೆಯುವವನಿಗೂ ಪತ್ರ ಬರೆಯುವವನಿಗೂ 500. ಆಚಾರ್ಯರಿಗೂ ವಿದ್ಯಾವಂತರಿಗೂ ಯೋಗ್ಯತೆ ನೋಡಿಕೊಂಡು 500ರಿಂದ 1,000 ಪಣದವರೆಗೆ ಕೊಡತಕ್ಕದ್ದು ಎಂದಿದೆ. ಆದರೆ ಅವರಿಗೆ ಕೊಡುವುದಕ್ಕೆ ಬರಿಯ ವೇತನವೆಂದು ಹೆಸರಿಲ್ಲ, 'ಪೂಜಾವೇತನ' ಎಂದು ಹೆಸರು. ಗುಮಾಸ್ತನ ಸಂಬಳ ಎಲ್ಲಿ ನಿಲ್ಲುವುದೋ ಪಂಡಿತನ ಸಂಬಳ ಅಲ್ಲಿಂದ ಹೊರಡುತ್ತದೆ, ಜೊತೆಗೆ ಪೂಜೆಯೊಂದು ಹೆಚ್ಚಿಗೆ. ಮುಂದಿನ ಕಾಲಗಳಲ್ಲಿ ಪೂಜೆ ಉಳಿದು ವೇತನ ಕರಗಿದ್ದನ್ನು ಕಂಡ ನಮ್ಮಂಥವರಿಗೆ ಈ ಪದ ಓದಿದಾಗ ನಗುವೂ ಬರುತ್ತದೆ.

ನಮ್ಮ ನಾಡಿನಲ್ಲಿ ಪಾಠ ಹೇಳುವವರಿಗೆ ನಗದಿಗಿಂತ ಭೂಮಿ ಕೊಡುವುದೇ ರೂಢಿಯಾಗಿತ್ತು. ಬಿಜಾಪುರ ಸೀಮೆಯ ಸಾಲೋಟಗಿಯ 945ರ ಶಾಸನದಲ್ಲಿ ವಿದ್ಯಾರ್ಥಿಗಳಿಗಾಗಿ 500 ನಿವರ್ತನ, ಉಪಾಧ್ಯಾಯನಿಗಾಗಿ 50 ನಿವರ್ತನ ಭೂಮಿಯನ್ನು ಬಿಟ್ಟ ವಿಷಯ ಬರುತ್ತದೆ. ಆ ವಿದ್ಯಾಶಾಲೆಯಲ್ಲಿ ಓದಿ ಹೊರಬಿದ್ದವನು ಮೊದಲ ತಿಂಗಳು ಎಷ್ಟು ಪಡೆದ ಎಂಬ ಪ್ರಶ್ನೆ ಆಗ್ಗೆ ಏಳುವ ಹಾಗೆಯೇ ಇರಲಿಲ್ಲ. ಓದಿಗೂ ತಿಂಗಳ ಹಣಕ್ಕೂ ಗಂಟು ಬಿದ್ದದ್ದು ಬಹಳ ಈಚೆಗೆ, ಕಲ್ಕತ್ತೆಯಲ್ಲಿ.

1835ರ ಫೆಬ್ರವರಿ 2ರಂದು ಮೆಕಾಲೆ ಬರೆದ ವಿದ್ಯಾಭ್ಯಾಸದ ಟಿಪ್ಪಣಿಯ ಹೆಸರನ್ನು ಕೇಳದವರಿಲ್ಲ. ಅದರಲ್ಲಿ ನಮ್ಮ ಗ್ರಂಥಗಳನ್ನು ಅವನು ಹೀಗಳೆದದ್ದನ್ನು ಎಲ್ಲರೂ ಹೇಳುತ್ತಾರೆ. ಅದೇ ಟಿಪ್ಪಣಿಯಲ್ಲಿರುವ ಇನ್ನೊಂದು ಸಂಗತಿಯನ್ನು ಹೇಳುವವರು ಕಡಿಮೆ. ಕಲ್ಕತ್ತೆಯ ಸಂಸ್ಕೃತ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಕೆಲವರು ಹಿಂದಿನ ವರ್ಷ ಶಿಕ್ಷಣ ಸಮಿತಿಗೆ ಒಂದು ಮನವಿ ಸಲ್ಲಿಸಿದ್ದರು. ತಾವು ಹತ್ತು ಹನ್ನೆರಡು ವರ್ಷ ಶಾಸ್ತ್ರವ್ಯಾಸಂಗ ಮಾಡಿ ಯೋಗ್ಯತಾಪತ್ರ ಪಡೆದಿದ್ದೇವೆ. ಆದರೂ ಹೊಟ್ಟೆಗೆ ದಾರಿಯಿಲ್ಲ. ದೊಡ್ಡ ಹುದ್ದೆ ಬೇಡ, ಜೀವ ಹಿಡಿದುಕೊಂಡಿರುವಷ್ಟು ಸಿಕ್ಕುವ ಕೆಲಸ ಯಾವುದಾದರೂ ಕೊಡಿಸಿರಿ ಎಂಬುದು ಅದರ ಸಾರ. ಮೆಕಾಲೆ ಇದನ್ನೇ ಹಿಡಿದುಕೊಂಡ. ಸಂಸ್ಕೃತ ಅರಬ್ಬೀ ಓದುವವರಿಗೆ ಹಣ ಕೊಟ್ಟು ಓದಿಸಬೇಕಾಗಿದೆ, ಇಂಗ್ಲಿಷ್ ಓದುವವರು ತಾವೇ ಹಣ ಕೊಟ್ಟು ಓದುತ್ತಾರೆ ಎಂದು ಲೆಕ್ಕ ತೋರಿಸಿದ. ಕಲ್ಕತ್ತೆಯ ಮದರಸದಲ್ಲಿ 77 ಮಂದಿ ಅರಬ್ಬೀ ವಿದ್ಯಾರ್ಥಿಗಳಿಗೆ ತಿಂಗಳಿಗೆ 500 ರೂಪಾಯಿಗೂ ಮೀರಿದ ವಿದ್ಯಾರ್ಥಿವೇತನ ಹೋಗುತ್ತಿದ್ದರೆ, ಹೊರಗಿನಿಂದ ಬಂದು ಇಂಗ್ಲಿಷ್ ಕಲಿಯುವವರಿಂದ ಮೂರು ತಿಂಗಳಿಗೆ 103 ರೂಪಾಯಿ ವಸೂಲಾಗಿತ್ತಂತೆ. ಯಾವ ವಿದ್ಯೆ ಹೆಚ್ಚಿನದೆಂಬುದಕ್ಕೆ ಪೇಟೆಯೇ ಸಾಕ್ಷಿ ಎಂದು ಅವನ ವಾದ.

ವಾದ ಕೇಳಲು ಚೆನ್ನಾಗಿದೆ. ಆದರೆ ಆ ಪೇಟೆಯಲ್ಲಿ ಕೊಳ್ಳುವ ದೊಡ್ಡ ಗಿರಾಕಿ ಯಾರು? ಕಂಪನಿ ಸರ್ಕಾರವೇ. ಗಿರಾಕಿಯೇ ಕೊಳ್ಳುವುದಿಲ್ಲವೆಂದು ಕೂತರೆ ಮಾಲಿನ ಬೆಲೆ ಬೀಳದೆ ಏನಾದೀತು! ಒಂಬತ್ತು ವರ್ಷಗಳ ಮೇಲೆ ಆ ಗಿರಾಕಿ ತನ್ನ ಮನಸ್ಸನ್ನು ಬಾಯಿಬಿಟ್ಟು ಹೇಳಿದ. 1844ರ ಅಕ್ಟೋಬರ್ 10ರಂದು ಗವರ್ನರ್ ಜನರಲ್ ಹಾರ್ಡಿಂಜ್ ಹೊರಡಿಸಿದ ನಿರ್ಣಯದಂತೆ, ಸರ್ಕಾರಿ ಹುದ್ದೆಗಳಿಗೆ ಇಂಗ್ಲಿಷ್ ಶಾಲೆಗಳಲ್ಲಿ ಓದಿದವರಿಗೆ ಆದ್ಯತೆ ಎಂದಾಯಿತು. ನನ್ನ ದೃಷ್ಟಿಯಲ್ಲಿ ನಮ್ಮ ಮನೆಗಳನ್ನು ಹೆಚ್ಚು ಬದಲಾಯಿಸಿದ ಕಾಗದ ಮೆಕಾಲೆಯದಲ್ಲ, ಈ ಹಾರ್ಡಿಂಜನದು. ಓದು ಅಂದಿನಿಂದ ಒಂದು ಬಾಗಿಲಾಯಿತು. ಬಾಗಿಲಾಚೆಯ ಮೊದಲ ತಿಂಗಳ ಹಣವೇ ಓದಿನ ಬೆಲೆಯೆಂದು ಜನ ತಿಳಿದರು. ತಿಳಿಯದೆ ಮತ್ತೇನು ಮಾಡುವರು?

1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಏರ್ಪಟ್ಟವು. ಮಾರನೆಯ ವರ್ಷ ಕಲ್ಕತ್ತೆಯ ಮೊದಲ ಬಿ.ಎ. ಪರೀಕ್ಷೆಯಲ್ಲಿ ಇಬ್ಬರು ಮಾತ್ರ ತೇರ್ಗಡೆಯಾದರು, ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಯದುನಾಥ ಬಸು. ಅವರಿಗೂ ಒಂದು ವಿಷಯದಲ್ಲಿ ಕೊರತೆಯಾದ ಅಂಕಗಳನ್ನು ಕೃಪೆಮಾಡಿ ತುಂಬಿಕೊಡಬೇಕಾಯಿತು. ಫಲಿತಾಂಶ ಬಂದ ವರ್ಷವೇ ಬಂಕಿಮರು ಜೆಸ್ಸೋರಿನಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾದರು. ವಂದೇ ಮಾತರಂ ಬರೆದ ಕೈ ಜೀವಮಾನವೆಲ್ಲ ಸರ್ಕಾರಿ ಕಡತಗಳಿಗೆ ರುಜು ಹಾಕಿತು. ಮದರಾಸಿನ ಮೊಟ್ಟಮೊದಲ ಪದವೀಧರರಲ್ಲಿ ಒಬ್ಬರಾದ ಯಾಳ್ಪಾಣದ ದಾಮೋದರಂ ಪಿಳ್ಳೆಯವರದು ಇನ್ನೂ ಸೊಗಸಾದ ಕಥೆ. ಅವರೂ ಅಧಿಕಾರ ಹಿಡಿದರು, ಪುದುಕೋಟೆಯಲ್ಲಿ ನ್ಯಾಯಾಧೀಶರಾದರು. ಆದರೆ ಅವರ ಹೆಸರು ಉಳಿದದ್ದು ತೊಲ್ಕಾಪ್ಪಿಯವೇ ಮೊದಲಾದ ಹಳೆಯ ತಮಿಳು ಗ್ರಂಥಗಳನ್ನು ಗೆದ್ದಲು ತಿನ್ನುವ ಓಲೆಗಳಿಂದ ಬಿಡಿಸಿ ಅಚ್ಚುಮಾಡಿಸಿದ್ದರಿಂದ.

ಬಾಗಿಲು ಎಂದೆನಷ್ಟೆ. ಅದರ ಒಳಗಿದ್ದವನಿಗೂ ಹೊರಗಿದ್ದವನಿಗೂ ಎಷ್ಟು ಅಂತರವೆಂಬುದನ್ನು ಇಬ್ಬರು ತರುಣರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿದರೆ ಕಾಣಬಹುದು. ಇಬ್ಬರೂ ಒಂದೇ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕುಳಿತವರು. ವಯಸ್ಸಿನಲ್ಲಿ ಒಂದು ವರ್ಷದಷ್ಟು ವ್ಯತ್ಯಾಸ. 1907ರಲ್ಲಿ ಸಿ.ವಿ. ರಾಮನ್ನರು ಎಂ.ಎ. ಮುಗಿಸಿ, ಹಣಕಾಸು ಇಲಾಖೆಯ ಸ್ಪರ್ಧಾಪರೀಕ್ಷೆಯಲ್ಲಿ ಮೊದಲಿಗರಾಗಿ, ಹದಿನೆಂಟನೆಯ ವಯಸ್ಸಿಗೆ ಕಲ್ಕತ್ತೆಯಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆದರು. ಮದುವೆಯಾದವರಿಗೆ ಕೊಡುವ ಭತ್ಯೆಯೂ ಸೇರಿ ತಿಂಗಳಿಗೆ ಸುಮಾರು 400 ರೂಪಾಯಿ. ಅದೇ 1907ರಲ್ಲಿ ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಎಫ್.ಎ. ಪರೀಕ್ಷೆಗೆ ಕುಳಿತು ಮತ್ತೊಮ್ಮೆ ನಪಾಸಾದರು. ಗಣಿತದಲ್ಲಿ ಅವರಿಗೆ ಎದುರಿಲ್ಲ; ಉಳಿದ ವಿಷಯಗಳು ಕೈಗೆ ಹತ್ತಲಿಲ್ಲ. ಕೆಲಕಾಲ ಮದರಾಸಿನ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿಯೇ 20 ರೂಪಾಯಿಯ ಹಂಗಾಮಿ ಗುಮಾಸ್ತಿಕೆ ಮಾಡಿದರು. 1912ರ ಮಾರ್ಚಿಯಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದಾಗ ತಿಂಗಳಿಗೆ 30 ರೂಪಾಯಿ. ಅದಕ್ಕೆ ಹಾಕಿದ ಅರ್ಜಿಯಲ್ಲಿ ತಾವು ಮೆಟ್ರಿಕ್ಯುಲೇಷನ್ ಆದವರು, ಎಫ್.ಎ. ತನಕ ಓದಿದವರು ಎಂದು ಬರೆದುಕೊಂಡಿದ್ದರು. ಲೆಕ್ಕದ ಇಲಾಖೆಯ ಒಂದು ತುದಿಯಲ್ಲಿ 400, ಇನ್ನೊಂದು ತುದಿಯಲ್ಲಿ 20!

ರಾಮನ್ನರಿಗೆ ಆ 400 ರೂಪಾಯಿ ಕೊಡತಕ್ಕದ್ದಲ್ಲವೆಂದು ನಾನು ಹೇಳುತ್ತಿಲ್ಲ. ಅವರು ಆ ಸಂಬಳವನ್ನು ಎಷ್ಟು ಹಗುರವಾಗಿ ಹಿಡಿದಿದ್ದರೆಂಬುದು 1917ರಲ್ಲಿ ತಿಳಿಯಿತು. ಬೆಳಗ್ಗೆ ಸಂಜೆ ಪ್ರಯೋಗಶಾಲೆ, ನಡುವೆ ಕಚೇರಿ ಎಂದು ಹತ್ತು ವರ್ಷ ಕಳೆದು, ಆ ವರ್ಷ ಕಲ್ಕತ್ತೆ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿಗಾಗಿ ಅವರು ಸರ್ಕಾರಿ ಹುದ್ದೆ ಬಿಟ್ಟರು. ಸಂಬಳ ಅರ್ಧಕ್ಕೆ ಇಳಿಯಿತು. ರಾಮಾನುಜನ್ನರಿಗೆ 1913ರ ಮೇ ತಿಂಗಳಿಂದ ವಿಶ್ವವಿದ್ಯಾನಿಲಯ 75 ರೂಪಾಯಿಯ ಸಂಶೋಧನ ವೇತನ ಕೊಟ್ಟಿತು. ಇಂಗ್ಲೆಂಡಿನ ಹಾರ್ಡಿ ಅವರ ಯೋಗ್ಯತೆ ಗುರುತಿಸಿದ ಬಳಿಕ ಒದಗಿದ ಹಣ ಅದು. ಹಾರ್ಡಿಗೆ ಬರೆದ ಮೊದಲ ಪತ್ರದಲ್ಲಿಯೇ ಅವರು ತಮ್ಮ ಗುಮಾಸ್ತಿಕೆಯ ವರ್ಷದ ಆದಾಯ ಇಷ್ಟು ಪೌಂಡೆಂದು ತಿಳಿಸಿದ್ದರು. ಗಣಿತದ ಪತ್ರದಲ್ಲಿ ಸಂಬಳದ ಸಾಲು! ಅದನ್ನು ಓದಿದಾಗಲೆಲ್ಲ ನನಗೆ ಸಂಸ್ಕೃತ ಕಾಲೇಜಿನ ಆ ಮನವಿ ನೆನಪಿಗೆ ಬರುತ್ತದೆ.

ಎಲ್ಲರೂ ಆ ಬಾಗಿಲಿಗೇ ಮುಗಿಬಿದ್ದರೆಂದೂ ಹೇಳಲಾಗದು. 1880ರಲ್ಲಿ ಪುಣೆಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರು ಸರ್ಕಾರಿ ಉಪಾಧ್ಯಾಯರ ಕೆಲಸ ಬಿಟ್ಟು ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದಾಗ ಅವರ ಜೊತೆಗೂಡಿದವರು ತಿಲಕರು. ಆಮೇಲೆ ಆಗರಕರರು ಬಂದು ಸೇರಿದರು. ಅವರ ಓದಿಗೆ ಸರ್ಕಾರದಲ್ಲಿ ಮಾಮಲೇದಾರಿಕೆಯೋ ಮುನಸೀಫಿಯೋ ಕಾದಿದ್ದ ಕಾಲ ಅದು. 1885ರಲ್ಲಿ ಫರ್ಗ್ಯುಸನ್ ಕಾಲೇಜು ಹುಟ್ಟಿತು. ಅಲ್ಲಿ ಆಜೀವ ಸದಸ್ಯರಾಗುವವರು ಇಪ್ಪತ್ತು ವರ್ಷ ಪಾಠ ಹೇಳಬೇಕು, ತಿಂಗಳಿಗೆ 75 ರೂಪಾಯಿಯಲ್ಲಿ ತೃಪ್ತರಾಗಿರಬೇಕು ಎಂಬ ಕಟ್ಟು. ಹದಿನೆಂಟಕ್ಕೆ ಬಿ.ಎ. ಆಗಿದ್ದ ಗೋಪಾಲಕೃಷ್ಣ ಗೋಖಲೆಯವರು ಇದಕ್ಕೆ ಒಪ್ಪಿ ಸೇರಿದರು. ಈ ತ್ಯಾಗಿಗಳ ನಡುವೆಯೂ ಸಂಬಳದ ಮಾತು ಬಂದು ಮನಸ್ಸು ಮುರಿಯಿತು. ಸದಸ್ಯರು ಹೊರಗಿನ ಕೆಲಸಮಾಡಿ ಹೆಚ್ಚು ಸಂಪಾದಿಸಬಾರದೆಂದು ತಿಲಕರ ಹಟ; ಉಳಿದವರಿಗೆ ಸಂಸಾರವಿತ್ತು. 1890ರಲ್ಲಿ ತಿಲಕರು ಹೊರಬಂದರು. ಯಾರು ಸರಿ ಎಂದು ಹೇಳುವುದು ಕಷ್ಟ. 75 ರೂಪಾಯಿ ಸಾಕೇ ಎಂದು ತಿಲಕರನ್ನು ಕೇಳುವುದಕ್ಕಿಂತ ಅವರ ಸಹೋದ್ಯೋಗಿಗಳ ಮನೆಯ ಹೆಂಗಸರನ್ನು ಕೇಳಬೇಕಾಗಿತ್ತು.

ಧಾರವಾಡದ ಕಡೆಯ ನಮ್ಮ ಜನರಿಗೆ ಆಗ ಕಾಲೇಜೆಂದರೆ ಪುಣೆಯೇ. ಬೇಂದ್ರೆಯವರು 1918ರಲ್ಲಿ ಅದೇ ಫರ್ಗ್ಯುಸನ್ ಕಾಲೇಜಿನಿಂದ ಬಿ.ಎ. ಆಗಿ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. ಮುಂದೆ 'ನರಬಲಿ' ಕವಿತೆಯ ಕಾರಣಕ್ಕೆ ಸೆರೆವಾಸವಾಗಿ ವರ್ಷಗಟ್ಟಲೆ ಕೆಲಸವಿಲ್ಲದೆ ಕಳೆದದ್ದು ಕನ್ನಡಿಗರೆಲ್ಲ ಬಲ್ಲ ಕಥೆ. ಮೆಟ್ರಿಕ್ಯುಲೇಷನನ್ನೂ ದಾಟದ ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆಗೆ ಆ 75 ರೂಪಾಯಿಯ ಮೇಷ್ಟರ ಹೆಸರನ್ನೇ ಇಟ್ಟರು.

ಇನ್ನು ಹಳೆಯ ಮೈಸೂರು. 1881ರಲ್ಲಿ ಸಂಸ್ಥಾನ ಒಡೆಯರಿಗೆ ಮರಳಿ ಬಂದಾಗ ಇಲ್ಲಿ ಪದವೀಧರರು ವಿರಳ. ಮದರಾಸಿನಿಂದ ಬಂದವರೇ ದೊಡ್ಡ ಹುದ್ದೆಗಳನ್ನು ತುಂಬಿದರೆಂದು ಇಲ್ಲಿಯವರು ಗೊಣಗಿದ್ದುಂಟು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಏರ್ಪಟ್ಟು ಬುದ್ಧಿವಂತ ಹುಡುಗರಿಗೆ ಒಂದು ರಾಜಮಾರ್ಗ ತೆರೆಯಿತು. 1914ರಲ್ಲಿ ಎಂ.ಎ. ಆಗಿ ಆ ಪರೀಕ್ಷೆಯ ಮೂಲಕ ಸೇರಿದವರು ಮಾಸ್ತಿ ವೆಂಕಟೇಶ ಅಯ್ಯಂಗಾರರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ರಾಜಮಾರ್ಗದಲ್ಲಿ ನಡೆದವರು ಯಾರು ಎಂಬ ಪ್ರಶ್ನೆ ಅದರ ಬೆನ್ನಿಗೇ ಎದ್ದಿತು. ಅಗ್ರಹಾರದಿಂದ ಬಂದ ಹುಡುಗನಿಗೆ ಓದು ಮನೆಯಲ್ಲಿಯೇ ಇತ್ತು. ಒಕ್ಕಲ ಮನೆಯ, ನೇಕಾರರ ಮನೆಯ ಹುಡುಗ ಆ ಪರೀಕ್ಷೆಯ ಸಮೀಪಕ್ಕೂ ಬಂದಿರಲಿಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಮಿಲ್ಲರ್ ಸಮಿತಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮಾಜಗಳಿಗೆ ಸಲ್ಲಬೇಕೆಂದು ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ವಿಶ್ವೇಶ್ವರಯ್ಯನವರಲ್ಲಿ ನನಗಿರುವ ಭಕ್ತಿ ಯಾರಿಗೂ ಕಡಿಮೆಯಲ್ಲ. ಆದರೂ, ಬಾಗಿಲೊಂದೇ ಇರುವಾಗ ಅದರ ಮುಂದೆ ಯಾರನ್ನು ಎಷ್ಟು ಹೊತ್ತು ನಿಲ್ಲಿಸುವುದೆಂದು ಕೇಳಿದವರದು ತಪ್ಪೆಂದು ನನಗೆ ತೋರುವುದಿಲ್ಲ.

ಈ ಬಾಗಿಲಿನ ಮಹಿಮೆ ಮದುವೆಯ ಚಪ್ಪರಕ್ಕೂ ಹಬ್ಬಿತು. ಗಂಡು ಬಿ.ಎ. ಎಂದರೆ ವರದಕ್ಷಿಣೆಗೆ ಒಂದು ದರ, ನಪಾಸಾದ ಬಿ.ಎ. ಎಂದರೆ ಅದಕ್ಕೂ ಒಂದು ದರ. ನಪಾಸಾದದ್ದನ್ನೂ ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದರೆಂದು ಹಿರಿಯರು ನಗುತ್ತ ಹೇಳುತ್ತಿದ್ದರು. ಪರೀಕ್ಷೆಗೆ ಕುಳಿತಷ್ಟೇ ಯೋಗ್ಯತೆಯೆಂದು ಎಣಿಸುವ ಕಾಲ!

ಪದವೀಧರರು ಹೆಚ್ಚಿದ ಹಾಗೆ ಹುದ್ದೆ ಹೆಚ್ಚಲಿಲ್ಲ. 1930ರ ಹೊತ್ತಿಗೆ ಲೋಕದಲ್ಲೆಲ್ಲ ವ್ಯಾಪಾರ ಕುಸಿದು ಸರ್ಕಾರಗಳ ಬೊಕ್ಕಸ ಬರಿದಾಯಿತು. 1931ರ ಕೊನೆಗೆ ಭಾರತ ಸರ್ಕಾರ ನೌಕರರ ಸಂಬಳದಲ್ಲಿ ನೂರಕ್ಕೆ ಹತ್ತರಂತೆ ಕಡಿತ ಮಾಡಿತು. ಅದು ತಾತ್ಕಾಲಿಕ. ತಾತ್ಕಾಲಿಕವಲ್ಲದ ಇನ್ನೊಂದನ್ನೂ ಮಾಡಿತು: ಅಂದಿನಿಂದ ಹೊಸದಾಗಿ ಸೇರುವವರಿಗೆ ಕಡಿಮೆಯ ಹೊಸ ವೇತನಶ್ರೇಣಿ. ಅಲ್ಲಿಂದ ಮುಂದೆ ಕಚೇರಿಗಳಲ್ಲಿ ಎರಡು ಜಾತಿ ಹುಟ್ಟಿತು, ಮೂವತ್ತೊಂದರ ಹಿಂದಿನವರು, ಮೂವತ್ತೊಂದರ ಈಚಿನವರು. ಒಂದೇ ಮೇಜು, ಒಂದೇ ಲೆಡ್ಜರು, ಒಂದೇ ಬಿ.ಎ.; ಸಂಬಳ ಬೇರೆ. ಹುಡುಗ ಮಾಡಿದ ತಪ್ಪೆಂದರೆ ತಡವಾಗಿ ಹುಟ್ಟಿದ್ದು. ಈ ಭೇದ 1947ರ ತನಕ ನಡೆಯಿತು. ಅದೇ ಕಾಲದಲ್ಲಿ ಐ.ಸಿ.ಎಸ್. ಆದವನು ಮೊದಲ ತಿಂಗಳು 450 ರೂಪಾಯಿ ತೆಗೆದುಕೊಳ್ಳುತ್ತಿದ್ದ; ಅವನು ಸಮುದ್ರದಾಚೆಯಿಂದ ಬಂದ ಬಿಳಿಯನಾದರೆ ಮೇಲೆ 150.

1946ರಲ್ಲಿ ವರದಾಚಾರಿಯವರ ಅಧ್ಯಕ್ಷತೆಯಲ್ಲಿ ಮೊದಲ ವೇತನ ಆಯೋಗ ಕೂತಿತು; ಮಾರನೆಯ ವರ್ಷ ವರದಿ ಬಂದಿತು. ಕೇಂದ್ರ ಸರ್ಕಾರದ ಜವಾನನಿಗೆ ಮೂಲವೇತನ 30, ತುಟ್ಟಿಭತ್ಯೆ 25, ಒಟ್ಟು 55 ರೂಪಾಯಿ ಕನಿಷ್ಠ ಎಂದಾಯಿತು. ಮೆಟ್ರಿಕ್ಯುಲೇಷನ್ ಆದ ಕೆಳದರ್ಜೆಯ ಗುಮಾಸ್ತನಿಗೆ ಆರಂಭದಲ್ಲಿ 60, ಮೇಲ್ದರ್ಜೆಯ ಗುಮಾಸ್ತನಿಗೆ 80, ಹೊಸ ಐ.ಎ.ಎಸ್. ಅಧಿಕಾರಿಗೆ 350. ಮುಂದಿನ ಆಯೋಗಗಳಲ್ಲಿ ಆ 80 ರೂಪಾಯಿಯ ಜಾಗಕ್ಕೆ 130, 330, 1,200, 4,000 ಹೀಗೆ ಬಂದು, 2016ರಿಂದ 25,500 ಆಗಿದೆ. ಐ.ಎ.ಎಸ್. ಆರಂಭ 56,100, ಕನಿಷ್ಠ ವೇತನ 18,000. ಅಂಕಿಗಳ ಉಬ್ಬರ ನೋಡಿ ಬೆರಗಾಗಬೇಕಾದ್ದಿಲ್ಲ, ಬೆಲೆಗಳೂ ಹಾಗೆಯೇ ಉಬ್ಬಿವೆ. ನೋಡತಕ್ಕದ್ದು ಅಂತರವನ್ನು. 1947ರಲ್ಲಿ ಹೊಸ ಅಧಿಕಾರಿ ಜವಾನನ ಆರರಷ್ಟಕ್ಕೂ ಹೆಚ್ಚು ಪಡೆದರೆ ಈಗ ಪಡೆಯುವುದು ಮೂರರಷ್ಟು. ಕೌಟಿಲ್ಯನ ಪಟ್ಟಿಯಲ್ಲಿ ತುದಿಯಿಂದ ಬುಡಕ್ಕೆ 800ರಷ್ಟಿತ್ತೆಂಬುದನ್ನು ನೆನೆದರೆ, ಪ್ರಜಾಪ್ರಭುತ್ವ ಏನೂ ಮಾಡಲಿಲ್ಲ ಎನ್ನುವವರ ಬಾಯಿ ಸ್ವಲ್ಪ ಕಟ್ಟೀತು.

ನಮ್ಮ ಪಂಡಿತವರ್ಗದ ಕಥೆ ಹೇಳದೆ ಬಿಟ್ಟರೆ ನನ್ನ ಗುರುಗಳು ಮೆಚ್ಚುವುದಿಲ್ಲ. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ತೆರೆಯಿತು, 1929ರಲ್ಲಿ ಅದರಲ್ಲಿ ತೇರ್ಗಡೆಯಾಗಿ ಕುವೆಂಪು ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ಕನ್ನಡ ಓದಿದವನಿಗೂ ಪದವೀಧರನೆಂಬ ಗೌರವ, ಅದಕ್ಕೆ ತಕ್ಕ ಸಂಬಳ ಎಂಬುದು ಅಲ್ಲಿಂದ ಮೊದಲಾಯಿತು. ಅದಕ್ಕೆ ಮುಂಚೆ ಕನ್ನಡ ಹೇಳುತ್ತಿದ್ದವರು ಪಂಡಿತರು. ಪಂಪ, ರನ್ನ, ಕೇಶಿರಾಜ ಬಾಯಲ್ಲಿದ್ದರೂ ಇಂಗ್ಲಿಷ್ ಪದವಿ ಇಲ್ಲದ್ದರಿಂದ ಅವರ ಶ್ರೇಣಿ ಕೆಳಗೆ. ಪ್ರೌಢಶಾಲೆಗಳಲ್ಲಿ ಭಾಷಾಪಂಡಿತರಿಗೆ ಒಂದು ಶ್ರೇಣಿ, ಪದವೀಧರ ಶಿಕ್ಷಕರಿಗೆ ಅದಕ್ಕಿಂತ ಮೇಲಿನದೊಂದು ಶ್ರೇಣಿ ಎಂಬ ಪದ್ಧತಿ ದಕ್ಷಿಣದ ಹಲವು ಕಡೆ ಬಹುಕಾಲ ಉಳಿಯಿತು. ನನಗೆ ಹಳಗನ್ನಡ ಕಲಿಸಿದವರು ಅಂಥವರು. ಅವರ ಕೈಕೆಳಗೆ ವ್ಯಾಕರಣ ಕಲಿತ ಹುಡುಗನೇ ಮುಂದೆ ಬಿ.ಎ., ಬಿ.ಎಡ್. ಮಾಡಿ ಅದೇ ಶಾಲೆಗೆ ಬಂದು, ಮೊದಲ ದಿನವೇ ಅವರಿಗಿಂತ ಹೆಚ್ಚು ಸಂಬಳಕ್ಕೆ ರುಜು ಹಾಕಿದ. ಆ ಹುಡುಗ ರಿಜಿಸ್ಟರಿನಲ್ಲಿ ತನ್ನ ಸಾಲಿನ ಮೇಲೆ ಅಂಗೈ ಮುಚ್ಚಿಕೊಂಡು ರುಜು ಹಾಕುತ್ತಿದ್ದನಂತೆ. ಗುರುಗಳು ಇದನ್ನು ಹೇಳುವಾಗ ನಗುತ್ತಿದ್ದರು. "ಪಾಪ, ಒಳ್ಳೆಯ ಹುಡುಗ" ಎನ್ನುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ಬಾಗಿಲುಗಳು ಒಂದೆರಡು ಹೆಚ್ಚಿದವು. ಬ್ಯಾಂಕು ಅವುಗಳಲ್ಲಿ ದೊಡ್ಡದು. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳಿಂದಾಗಿ ನಮ್ಮ ಎಷ್ಟೋ ಮನೆಗಳ ಹುಡುಗರು ಹುಡುಗಿಯರು ಹೊಟ್ಟೆಬಟ್ಟೆಗೆ ನೆಲೆ ಕಂಡರು. ಬ್ಯಾಂಕು ಗುಮಾಸ್ತರ ವೇತನ ಒಪ್ಪಂದಗಳಲ್ಲಿ ಪದವಿ ಇದ್ದರೆ ಎರಡು ವೇತನಬಡ್ತಿ ಹೆಚ್ಚಿಗೆ ಎಂದಿರುತ್ತದೆ. ಮೂರು ವರ್ಷದ ಓದಿಗೆ ಎರಡು ಬಡ್ತಿ! ಪದವಿಯ ಬೆಲೆಯನ್ನು ಇಷ್ಟು ನಿಖರವಾಗಿ ಅಳೆದುಕೊಟ್ಟದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಸರ್ಕಾರ ಹಿಡಿಯದ ತಕ್ಕಡಿಯಲ್ಲಿ ಪದವೀಧರನ ಮೊದಲ ಸಂಬಳ ತೂಗಿದ್ದನ್ನು ನಮ್ಮ ತಲೆಮಾರು ಬೆಂಗಳೂರಿನಲ್ಲಿ ಕಂಡಿತು. 2000ದ ಸುಮಾರಿಗೆ ಸಾಫ್ಟ್‌ವೇರ್ ಕಂಪನಿಗಳು ಕಾಲೇಜುಗಳಿಗೇ ಬಂದು ಹುಡುಗರನ್ನು ಆರಿಸಿಕೊಂಡು ಹೋದಾಗ, ತಂದೆ ಮೂವತ್ತು ವರ್ಷ ದುಡಿದು ನಿವೃತ್ತಿಯಾಗುವಾಗ ಪಡೆಯುತ್ತಿದ್ದುದಕ್ಕಿಂತ ಹೆಚ್ಚನ್ನು ಮಗ ಮೊದಲ ತಿಂಗಳೇ ತಂದ ಮನೆಗಳಿದ್ದವು. ಹಳ್ಳಿಹಳ್ಳಿಗಳಿಂದ ಮಕ್ಕಳು ಇಂಜಿನಿಯರಿಂಗಿಗೆ ಹೊರಟರು. ತಂದೆಯರು ತೋಟ ಅಡವಿಟ್ಟರು. ಕಾಲೇಜುಗಳೂ ಹೆಚ್ಚಿದವು. ಹುಡುಗರು ಹೆಚ್ಚಿದಂತೆ, 1930ರಲ್ಲಿ ಆದದ್ದೇ ಬೇರೊಂದು ರೂಪದಲ್ಲಿ ಆಯಿತು. 2010ರ ಆಸುಪಾಸಿನಲ್ಲಿ ಹೊಸಬನಿಗೆ ವರ್ಷಕ್ಕೆ ಮೂರು ಲಕ್ಷದಷ್ಟು ಇದ್ದದ್ದು, ಹತ್ತು ಹನ್ನೆರಡು ವರ್ಷ ಕಳೆದ ಮೇಲೂ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯ ಹುಡುಗನಿಗೆ ಮೂರೂವರೆ ಲಕ್ಷದ ಹತ್ತಿರವೇ ನಿಂತಿತ್ತು. ಆ ಹೊತ್ತಿಗೆ ಅಕ್ಕಿ, ಬಾಡಿಗೆ, ಬಸ್ಸಿನ ದರ ಎಷ್ಟಾಗಿತ್ತೆಂದು ಗೃಹಿಣಿಯರಿಗೆ ನಾನು ಹೇಳಬೇಕಾಗಿಲ್ಲ. ಅತ್ತ ಕರ್ನಾಟಕ ಸರ್ಕಾರದಲ್ಲಿ ಪದವೀಧರರನ್ನು ತೆಗೆದುಕೊಳ್ಳುವ ಪ್ರಥಮ ದರ್ಜೆ ಸಹಾಯಕ ಹುದ್ದೆಯ ಆರಂಭದ ಮೂಲವೇತನ 2018ರಲ್ಲಿ 27,650 ರೂಪಾಯಿ ಇದ್ದದ್ದು 2024ರ ಆಗಸ್ಟಿನಿಂದ 44,425 ಆಯಿತು. ಸರ್ಕಾರಿ ಬಾಗಿಲಿನ ಮುಂದಿನ ಸಾಲು ಮತ್ತೆ ಉದ್ದವಾಗಿದ್ದರೆ ಆಶ್ಚರ್ಯವೇನು? ಕೆಲಸವೇ ಸಿಗದ ಪದವೀಧರನಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿ ಯೋಜನೆ 2024ರ ಜನವರಿಯಲ್ಲಿ ಆರಂಭವಾಯಿತು. ದಾರಿಯೇ ಕಾಣದವನಿಗೂ ಒಂದಿಷ್ಟು ಬುತ್ತಿ.

ಮುಂದಿನ ಭಾನುವಾರ ಆ ಗೃಹಸ್ಥರು ಉತ್ತರಕ್ಕಾಗಿ ಮತ್ತೆ ಬಂದರು. ಈ ಸಲ ಬೆಂಗಳೂರಿನಲ್ಲಿರುವ ದೊಡ್ಡ ಮಗನ ನೇಮಕದ ಕಾಗದವನ್ನೂ ತಂದಿದ್ದರು. ಅದರಲ್ಲಿ ವರ್ಷಕ್ಕೆ ಮೂರು ಲಕ್ಷದ ಅರವತ್ತು ಸಾವಿರ ಎಂದಿತ್ತು. ಭವಿಷ್ಯನಿಧಿ, ವಿಮೆ, ವರ್ಷದ ಕೊನೆಗೆ ಕೊಟ್ಟರೂ ಕೊಟ್ಟಾರೆಂಬ ಮೊತ್ತ ಎಲ್ಲವನ್ನೂ ಕಳೆದು ತಿಂಗಳಿಗೆ ಕೈಗೆ ಬರುವುದೆಷ್ಟೆಂದು ನಾವಿಬ್ಬರೂ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆವು. ಇಪ್ಪತ್ತೈದು ಸಾವಿರ ಮುಟ್ಟಲಿಲ್ಲ. ಅವನಿರುವ ಕೋಣೆಗೂ ಊಟಕ್ಕೂ ಒಂಬತ್ತು ಸಾವಿರ ಹೋಗುತ್ತದಂತೆ. ಪಕ್ಕದಲ್ಲಿ ನಾನು 44,425 ಎಂದು ಬರೆದೆ. ಅವರು ಅದನ್ನೇ ಬಹಳ ಹೊತ್ತು ನೋಡಿದರು.

"ನಿಮಗೆ ಮೊದಲು ಎಷ್ಟು ಬಂದಿತ್ತು ಮೇಷ್ಟ್ರೇ?" ಎಂದು ಕೇಳಿದರು.

1994ರಲ್ಲಿ ಒಂದು ಖಾಸಗಿ ಶಾಲೆ. ರಿಜಿಸ್ಟರಿನಲ್ಲಿ 1,200ಕ್ಕೆ ರುಜು, ಕೈಗೆ 600. ಹೇಳಿದೆ. ಅವರು ನಕ್ಕರು, ನಾನೂ ನಕ್ಕೆ. ಹುಡುಗ ನಗಲಿಲ್ಲ. ಅವನು ನನ್ನ ಪುಸ್ತಕದ ಬೀರುವಿನ ಮುಂದೆ ತಲೆ ಓರೆಮಾಡಿಕೊಂಡು ಬೆನ್ನುಗಳ ಮೇಲಿನ ಹೆಸರುಗಳನ್ನು ಓದುತ್ತಿದ್ದ.

"ಸರಿ," ಎಂದು ತಂದೆ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡರು. "ಹಾಗಾದರೆ ಬಿ.ಎ.ನೇ ಸೇರಲಿ. ಮುಗಿಸಿ ಎಫ್.ಡಿ.ಎ. ಪರೀಕ್ಷೆ ಬರೆಯಲಿ."